ಪಿಸ್ಟನ್ನಿನ ತುದಿ ಮತ್ತು ಅರ್ಧ ಮಡಚಿದ ದಾರ

ಸೈಕಲ್ ಕಲಿಯುವಾಗ ಎಲ್ಲರಿಗೂ ಒಂದು ಅನುಭವ ಆಗಿರುತ್ತೆ. ಪೆಡಲ್ ನೆಟ್ಟಗೆ ಮೇಲೆ, ಗಡಿಯಾರದ ಹನ್ನೆರಡರ ಜಾಗದಲ್ಲಿ ನಿಂತಿದ್ದಾಗ ಅದರ ಮೇಲೆ ಎಷ್ಟೇ ಭಾರ ಹಾಕಿದರೂ ಸೈಕಲ್ ಮಿಸುಕಾಡಲ್ಲ. ಪಾದದಿಂದ ಒಂಚೂರು ಮುಂದೆ ನೂಕಿ, ಒಂದು ಗಂಟೆಯ ಜಾಗಕ್ಕೆ ತಂದು ತುಳಿದರೆ ಸೊಯ್ಯನೆ ಹೊರಡುತ್ತೆ. ಹನ್ನೆರಡರ ಜಾಗದಲ್ಲಿ ನಮ್ಮ ಭಾರವೆಲ್ಲ ನೇರವಾಗಿ ಅಚ್ಚಿನ ಮೇಲೇ ಬೀಳುತ್ತೆ, ತಿರುಗಿಸೋಕೆ ಏನೂ ಉಳಿಯಲ್ಲ.

ಕಾರಿನ ಇಂಜಿನ್ ಒಳಗೂ ಇಂಥದ್ದೇ ಒಂದು ಜಾಗ ಇದೆ. ಸಿಲಿಂಡರ್ ಒಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತೆ. ಕನೆಕ್ಟಿಂಗ್ ರಾಡ್ ಅನ್ನೋದು ನಮ್ಮ ಕಾಲು ಇದ್ದ ಹಾಗೆ, ಕ್ರ್ಯಾಂಕ್ ಅನ್ನೋದು ಪೆಡಲ್ ಇದ್ದ ಹಾಗೆ. ಪಿಸ್ಟನ್ ತೀರಾ ಮೇಲೆ ಬಂದು, ರಾಡ್ ಮತ್ತು ಕ್ರ್ಯಾಂಕ್ ಒಂದೇ ಗೆರೆಯಲ್ಲಿ ನಿಂತ ಆ ಕ್ಷಣಕ್ಕೆ ಟಾಪ್ ಡೆಡ್ ಸೆಂಟರ್ ಅಂತಾರೆ. ಚಿಕ್ಕದಾಗಿ ಟಿಡಿಸಿ. ಗ್ಯಾರೇಜಿನವರ ಬಾಯಲ್ಲಿ ಬರೀ 'ಟಾಪ್'. ಅಲ್ಲಿ ಪಿಸ್ಟನ್ ತಲೆಯ ಮೇಲೆ ಎಷ್ಟು ಒತ್ತಿದರೂ ಇಂಜಿನ್ ತಿರುಗಲ್ಲ, ಅದಕ್ಕೇ 'ಡೆಡ್'. ಕಾಲೇಜಿನಲ್ಲಿ ನಾಲ್ಕು ವರ್ಷ ಈ ಮೂರಕ್ಷರ ಬರೆದಿದ್ದೆ. ಡೆಡ್ ಅಂತ ಯಾಕಂತಾರೆ ಅಂತ ಸರಿಯಾಗಿ ಅರ್ಥ ಆಗಿದ್ದು ಮಾತ್ರ ಶಿಕಾರಿಪುರದ ಒಂದು ಶೆಡ್ಡಿನಲ್ಲಿ. ಅದನ್ನೇ ಇವತ್ತು ಬರೆಯೋಣ ಅಂತ ಕೂತಿದೀನಿ. ಸ್ವಲ್ಪ ಯಂತ್ರದ ವಿಷಯ, ಸ್ವಲ್ಪ ಲೆಕ್ಕ. ಬೇಜಾರು ಮಾಡ್ಕೋಬೇಡಿ :-)

ಈ ಟಾಪ್ ಯಾಕೆ ಅಷ್ಟು ಮುಖ್ಯ ಅಂದ್ರೆ, ಇಂಜಿನ್ನಿನ ಲೆಕ್ಕವೆಲ್ಲ ಶುರುವಾಗೋದೇ ಅಲ್ಲಿಂದ. ಪ್ಲಗ್ ಕಿಡಿ ಯಾವಾಗ ಹಾರಬೇಕು? ಟಾಪ್‌ಗಿಂತ ಇಷ್ಟು ಡಿಗ್ರಿ ಮುಂಚೆ. ವಾಲ್ವ್ ಯಾವಾಗ ತೆಗೀಬೇಕು, ಯಾವಾಗ ಮುಚ್ಚಬೇಕು? ಟಾಪ್‌ನಿಂದ ಇಷ್ಟು ಡಿಗ್ರಿ ಆಚೆ ಈಚೆ. ಟಾಪ್ ಎಲ್ಲಿದೆ ಅನ್ನೋದೇ ತಪ್ಪಿದರೆ ಆಮೇಲಿನ ಎಲ್ಲ ಅಳತೆಯೂ ಅಷ್ಟಷ್ಟು ತಪ್ಪುತ್ತಾ ಹೋಗುತ್ತೆ. ಊರಿನ ಮೊದಲನೇ ಮೈಲಿಗಲ್ಲನ್ನೇ ತಪ್ಪು ಜಾಗದಲ್ಲಿ ನೆಟ್ಟ ಹಾಗೆ.

ನಮ್ಮದು ಸೊರಬ ತಾಲ್ಲೂಕು. ಊರಲ್ಲಿರೋ ಚಿಕ್ಕಪ್ಪ ಒಂದು ಮಾರುತಿ ಓಮ್ನಿ ಇಟ್ಟುಕೊಂಡಿದಾರೆ. ಬೆಳಿಗ್ಗೆ ಸಂಜೆ ಸ್ಕೂಲ್ ಮಕ್ಕಳು, ನಡುವೆ ಬಾಡಿಗೆ. ಸಂತೆ, ಮದುವೆ, ರಾತ್ರಿ ಯಾರಿಗಾದ್ರೂ ಹುಷಾರು ತಪ್ಪಿದರೆ ಆಸ್ಪತ್ರೆ. ಓಮ್ನಿ ತಯಾರಿಕೆ 2019ರಲ್ಲೇ ನಿಂತುಹೋಯ್ತು, ಆದರೆ ನಮ್ಮ ಕಡೆ ರಸ್ತೆಗಳಲ್ಲಿ ಇನ್ನೂ ಓಡಾಡ್ತಾನೇ ಇವೆ. ಚಿಕ್ಕಪ್ಪನ ಗಾಡಿಗೆ ಗ್ಯಾಸ್ ಕಿಟ್ ಬೇರೆ ಇದೆ. ಕಳೆದ ದಸರಾ ರಜೆಗೆ ಹೋದಾಗ ಅದು ಗಡಗಡ ಅಂತ ನಡುಗ್ತಿತ್ತು. ಏರು ಬಂದರೆ ಸೆಕೆಂಡ್ ಗೇರಿನಲ್ಲೂ ಏದುಸಿರು. ಅಲ್ಲೇ ಒಂದು ಗ್ಯಾರೇಜಿನಲ್ಲಿ ತೋರಿಸಿದಾರೆ. ಅವರು ಹೊಗೆ ನೋಡಿ, ಎರಡು ಸಲ ಎಕ್ಸಲರೇಟರ್ ಒತ್ತಿ, "ಇಂಜಿನ್ ಮುಗೀತು, ಬೋರ್ ಮಾಡಿಸ್ಬೇಕು, ಪಿಸ್ಟನ್ನು ರಿಂಗು ಎಲ್ಲ ಹೊಸದು, ನಲವತ್ತು ಸಾವಿರ ಆಗುತ್ತೆ" ಅಂದಿದಾರೆ.

"ನಲವತ್ ಸಾವ್ರ ಹಾಕದಾ, ಇಲ್ಲ ಗುಜರಿಗೆ ಕೊಡದಾ, ಎಂಥ ಮಾಡದು ಹೇಳು ಮಾರಾಯ. ನೀನು ಇಂಜಿನಿಯರು" ಅಂದ್ರು ಚಿಕ್ಕಪ್ಪ. ಗುಜರಿಗೆ ಕೊಟ್ಟರೆ ಬರೋ ದುಡ್ಡಲ್ಲಿ ಇನ್ನೊಂದು ಗಾಡಿಯ ಬಾಗಿಲೂ ಬರಲ್ಲ. ಗಾಡಿ ಇಲ್ಲ ಅಂದ್ರೆ ಮಕ್ಕಳ ಟ್ರಿಪ್ ಬೇರೆಯವರಿಗೆ ಹೋಗುತ್ತೆ, ಒಂದು ಸಲ ಹೋದರೆ ವಾಪಸ್ ಬರಲ್ಲ. ಚಿಕ್ಕಮ್ಮ ಆಗಲೇ ಸಂಘದಲ್ಲಿ ಸಾಲ ಕೇಳೋ ಮಾತಾಡ್ತಿದ್ದರು.

ಇಂಜಿನಿಯರು ಅನ್ನೋದು ನಿಜ. ನನ್ನ ಕೆಲಸ ಬೆಂಗಳೂರಲ್ಲಿ, ಇಂಜಿನ್ ಟೆಸ್ಟ್ ಬೆಂಚಿನಿಂದ ಬರೋ ಡೇಟಾ ಓದೋ ಸಾಫ್ಟ್‌ವೇರ್ ಬರೆಯೋದು. ಸಿಲಿಂಡರ್ ಒಳಗಿನ ಒತ್ತಡ ನನಗೆ ಸ್ಕ್ರೀನಿನ ಮೇಲೊಂದು ಗೆರೆ. ಓಮ್ನಿ ಸೀಟು ಎತ್ತಿ ನೋಡಿ ಹೇಳೋ ಕಲೆ ಬೇರೆಯವರದ್ದು. ನೆಂಟರೊಬ್ಬರು ಶಿಕಾರಿಪುರದ ಮೇಸ್ತ್ರಿಯೊಬ್ಬರ ಹೆಸರು ಹೇಳಿದ್ರು. ಶಿರಾಳಕೊಪ್ಪದ ಮೇಲೆ ನಿಧಾನಕ್ಕೆ ಗಾಡಿ ಹೊಡ್ಕೊಂಡು ಹೋದ್ವಿ. ಮೂರು ಸಿಲಿಂಡರಿನ ಗಾಡಿ ಎರಡರಲ್ಲೇ ನಡೀತಿದೆ ಅನ್ನೋದು ದಾರಿಯುದ್ದಕ್ಕೂ ಸೀಟಿನಡಿಯಿಂದ ಗೊತ್ತಾಗ್ತಿತ್ತು.

ಮೇಸ್ತ್ರಿ ಅರವತ್ತು ದಾಟಿದವರು. ಮಾತು ಕಮ್ಮಿ. ಚಿಕ್ಕಪ್ಪ ನಲವತ್ತು ಸಾವಿರದ ಕಥೆ ಹೇಳಿದ್ದಕ್ಕೆ, "ಬಿಚ್ಚೋದು ಆಮ್ಯಾಲೆ ಅಣ್ಣಾರೆ, ಮೊದ್ಲು ಗಾಳಿ ಬಿಟ್ಟು ನೋಡಣ" ಅಂದ್ರು.

ಗಾಳಿ ಬಿಟ್ಟು ನೋಡೋದು ಅಂದ್ರೆ ಹೀಗೆ. ಪ್ಲಗ್ ತೆಗೆದು ಆ ತೂತಿನಿಂದ ಸಿಲಿಂಡರ್ ಒಳಗೆ ಕಂಪ್ರೆಸರ್ ಗಾಳಿ ತುಂಬೋದು. ಎರಡೂ ವಾಲ್ವ್ ಮುಚ್ಚಿಕೊಂಡು, ರಿಂಗ್ ಸರಿ ಇದ್ದರೆ ಗಾಳಿ ಒಳಗೇ ನಿಲ್ಲಬೇಕು. ನಿಲ್ಲದಿದ್ದರೆ ಎಲ್ಲಿಂದ ಸೋರುತ್ತೆ ಅಂತ ಕಿವಿಗೊಟ್ಟು ಕೇಳೋದು. ಸೈಲೆನ್ಸರ್ ಕೊಳವೆಯಲ್ಲಿ ಸುಯ್ ಅಂದ್ರೆ ಎಕ್ಸಾಸ್ಟ್ ವಾಲ್ವ್ ಹೋಗಿದೆ. ಏರ್ ಫಿಲ್ಟರ್ ಕಡೆ ಸುಯ್ ಅಂದ್ರೆ ಇನ್‌ಲೆಟ್ ವಾಲ್ವ್. ಆಯಿಲ್ ಹಾಕೋ ಮುಚ್ಚಳ ತೆಗೆದಾಗ ಅಲ್ಲಿ ಜೋರಾಗಿ ಬಂದರೆ ರಿಂಗೋ ಬೋರೋ ಸವೆದಿದೆ. ರೇಡಿಯೇಟರ್ ನೀರಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ಡಾಕ್ಟರ ಸ್ಟೆತಾಸ್ಕೋಪ್ ಇದ್ದ ಹಾಗೆ, ಇಂಜಿನ್ ಬಿಚ್ಚದೇ ಕಾಯಿಲೆ ಎಲ್ಲಿದೆ ಅಂತ ಹೇಳಬಹುದು.

ಇದಕ್ಕೆ ಪೇಟೆಯಲ್ಲಿ ಮೀಟರ್ ಇರೋ ಸಾಮಾನು ಸಿಗುತ್ತೆ. ಮೇಸ್ತ್ರಿ ಹತ್ರ ಇದ್ದದ್ದು ಮಾತ್ರ ಒಂದು ಹಳೇ ಪ್ಲಗ್. ಅದರ ಪಿಂಗಾಣಿ ಒಡೆದು ತೆಗೆದು, ಉಳಿದ ಕಬ್ಬಿಣದ ಭಾಗಕ್ಕೆ ಟೈರಿನ ವಾಲ್ವ್ ಬೆಸುಗೆ ಹಾಕಿದ್ರು. ಗಾಳಿ ಪಕ್ಕದ ಪಂಕ್ಚರ್ ಅಂಗಡಿಯಿಂದ.

ಆದರೆ ಗಾಳಿ ಬಿಡೋ ಮುಂಚೆ ಪಿಸ್ಟನ್ ಸರಿಯಾಗಿ ಟಾಪ್‌ನಲ್ಲಿ ನಿಲ್ಲಬೇಕು. ಯಾಕೆ ಅಂತ ಲೆಕ್ಕ ಹಾಕಿ ನೋಡಿ. ಓಮ್ನಿ ಇಂಜಿನ್ 796 ಸಿಸಿ, ಮೂರು ಸಿಲಿಂಡರ್, ಒಂದೊಂದರ ಬೋರ್ 68.5 ಮಿ.ಮೀ., ಪಿಸ್ಟನ್ ಮೇಲಿಂದ ಕೆಳಗೆ ಓಡೋದು 72 ಮಿ.ಮೀ. ಪಿಸ್ಟನ್ ತಲೆಯ ವಿಸ್ತೀರ್ಣ ಸುಮಾರು 37 ಚದರ ಸೆಂ.ಮೀ. ಪಂಕ್ಚರ್ ಅಂಗಡಿ ಭಾಷೆಯಲ್ಲಿ ನೂರು ಪೌಂಡ್ ಗಾಳಿ ಬಿಟ್ಟರೆ ಚದರ ಸೆಂಟಿಮೀಟರಿಗೆ 7 ಕೆ.ಜಿ. ಅಂದ್ರೆ ಪಿಸ್ಟನ್ ಮೇಲೆ ಒಟ್ಟು 250 ಕೆ.ಜಿ.ಗೂ ಹೆಚ್ಚು, ಐದು ಮೂಟೆ ಸಿಮೆಂಟಿನ ಭಾರ. ಸರಿಯಾಗಿ ಟಾಪ್‌ನಲ್ಲಿದ್ದರೆ ಸೈಕಲ್ ಪೆಡಲ್ ಥರ ಆ ಭಾರವೆಲ್ಲ ನೇರ ಅಚ್ಚಿನ ಮೇಲೆ ಕೂರುತ್ತೆ, ಏನೂ ಅಲ್ಲಾಡಲ್ಲ. ಹತ್ತು ಡಿಗ್ರಿ ಆಚೀಚೆ ಇದ್ದರೆ ಪಿಸ್ಟನ್ ಕೆಳಕ್ಕೆ ಒದ್ದು, ಕ್ರ್ಯಾಂಕ್ ತಿರುಗಿ, ಅದಕ್ಕೆ ಹಾಕಿರೋ ಪಾನ ಹಿಡಿದವನ ಕೈಗೇ ಬಡಿಯುತ್ತೆ. ಮೇಸ್ತ್ರಿ ತೋರಿಸಿದಾಗ ನನಗೆ ಆ 'ಡೆಡ್' ಪದ ಹೊಳೆದದ್ದು. ಪಿಸ್ಟನ್ ಮೇಲೆ ಐದು ಮೂಟೆ ಭಾರ, ಇಂಜಿನ್ ಮಾತ್ರ ಕಲ್ಲಿನ ಹಾಗೆ ನಿಂತಿತ್ತು.

ಸರಿ, ಟಾಪ್ ಹುಡುಕೋದು ಹೇಗೆ? ನೀವು ಹೇಳಬಹುದು, ಅದೇನು ದೊಡ್ಡ ವಿಷಯ, ಪ್ಲಗ್ ತೂತಲ್ಲಿ ಸೈಕಲ್ ಸ್ಪೋಕ್ ಇಳಿಬಿಟ್ಟು ಇಂಜಿನ್ ತಿರುಗಿಸಿದರೆ ಆಯ್ತಲ್ಲ. ಸ್ಪೋಕ್ ಏರ್ತಾ ಏರ್ತಾ ಎಲ್ಲಿ ನಿಲ್ಲುತ್ತೋ ಅದೇ ಟಾಪ್. ಬಹಳ ಜನ ಹಾಗೇ ಮಾಡೋದು. ಕೆಲವು ಕೆಲಸಕ್ಕೆ ಅಷ್ಟು ಸಾಕಾಗುತ್ತೆ ಕೂಡ.

ಅದರಲ್ಲಿ ಒಂದು ತೊಂದರೆ ಇದೆ. ಪಿಸ್ಟನ್ ಒಂದೇ ವೇಗದಲ್ಲಿ ಓಡಲ್ಲ. ನಡುಮಧ್ಯದಲ್ಲಿದ್ದಾಗ ಕ್ರ್ಯಾಂಕ್ ಒಂದು ಡಿಗ್ರಿ ತಿರುಗಿದರೆ ಈ ಇಂಜಿನ್ನಿನ ಪಿಸ್ಟನ್ 0.6 ಮಿ.ಮೀ.ಗೂ ಹೆಚ್ಚು ಸರಿಯುತ್ತೆ. ಟಾಪ್ ಹತ್ರ ಬಂದ ಹಾಗೆ ನಿಧಾನ ಆಗ್ತಾ ಹೋಗುತ್ತೆ. ಟಾಪ್‌ನಿಂದ ಒಂದು ಡಿಗ್ರಿ ಆಚೆ ಇದ್ದರೆ ಪಿಸ್ಟನ್ ಇಳಿದಿರೋದು ಒಂದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ! ಐದು ಡಿಗ್ರಿ ತಪ್ಪಿದರೂ 0.2 ಮಿ.ಮೀ. ಆಗಲ್ಲ. ಕಣ್ಣಿಗೆ ಎಲ್ಲಿ ಕಾಣುತ್ತೆ? ಟಾಪ್‌ನ ಆ ಕಡೆ ಐದು, ಈ ಕಡೆ ಐದು ಡಿಗ್ರಿ, ಸ್ಪೋಕ್ ನಿಂತಲ್ಲೇ ನಿಂತ ಹಾಗೆ ಇರುತ್ತೆ. ಅದರ ಮೇಲೆ ಹಳೇ ಇಂಜಿನ್ನಿನ ಬೇರಿಂಗ್ ಸಡಿಲ ಬೇರೆ. ನಮ್ಮ ಕಡೆ ಗುಡ್ಡದ ನೆತ್ತಿಗಳು ಹಾಗೇ ಅಲ್ವಾ? ಹತ್ತುವಾಗ ಏರು ಚೆನ್ನಾಗಿ ಗೊತ್ತಾಗುತ್ತೆ, ಮೇಲೆ ಹೋದ ಮೇಲೆ ಎಲ್ಲವೂ ಬಯಲು. ಎಲ್ಲಕ್ಕಿಂತ ಎತ್ತರದ ಕಲ್ಲು ಯಾವುದು ಅಂದ್ರೆ ಹೇಳೋದು ಕಷ್ಟ.

ಮೇಸ್ತ್ರಿ ಸ್ಪೋಕ್ ಮುಟ್ಟಲೇ ಇಲ್ಲ. ಡಬ್ಬಿಯಿಂದ ಇನ್ನೊಂದು ಹಳೇ ಪ್ಲಗ್ ತೆಗೆದರು. ಇದರ ನಡುವಿನ ತೂತಿಗೆ ಉದ್ದದೊಂದು ಬೋಲ್ಟ್ ಹಾಕಿ, ತುದಿಯನ್ನು ಅರದಿಂದ ಉಜ್ಜಿ ಗುಂಡಗೆ ಮಾಡಿದ್ದರು. ಮೂರೂ ಪ್ಲಗ್ ತೆಗೆದು, ಒಂದನೇ ಸಿಲಿಂಡರಿಗೆ ಇದನ್ನು ತಿರುಪಿದರು. ಈಗ ಪಿಸ್ಟನ್ ಪೂರ್ತಿ ಮೇಲೆ ಬರೋ ಹಾಗಿಲ್ಲ, ಬೋಲ್ಟಿಗೆ ತಾಗಿ ನಿಲ್ಲಬೇಕು. ಟಾಪ್ ಹುಡುಕೋಕೆ ಹೊರಟವರು ಟಾಪ್‌ಗೇ ಅಡ್ಡ ಹಾಕ್ತಿದಾರಲ್ಲ ಅಂತ ಚಿಕ್ಕಪ್ಪ ನನ್ನ ಮುಖ ನೋಡಿದ್ರು.

ಗಾಡಿ ಕೆಳಗೆ ಮಲಗಿದ್ದ ಹುಡುಗನಿಗೆ, "ನಿಧಾನ ತಿರುಗ್ಸೋ, ತಾಗಿದ್ ಕೂಡ್ಲೆ ನಿಲ್ಸು, ಒತ್ಬ್ಯಾಡ" ಅಂದ್ರು. ಅವನು ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಪಾನ ಹಾಕಿ ತಿರುಗಿಸಿದ. ಟಕ್. ಇಂಜಿನ್ ಮೈಗೆ ಕಟ್ಟಿದ್ದ ಒಂದು ತಂತಿಯ ತುದಿ ಪುಲ್ಲಿಯ ಯಾವ ಜಾಗಕ್ಕೆ ನೇರ ಇದೆಯೋ ಅಲ್ಲೊಂದು ಸೀಮೆಸುಣ್ಣದ ಗೆರೆ. ಆಮೇಲೆ ಉಲ್ಟಾ. ಪಿಸ್ಟನ್ ಕೆಳಗೆ ಹೋಗಿ, ಹೆಚ್ಚೂಕಮ್ಮಿ ಒಂದು ಸುತ್ತು ಬಂದು, ಇನ್ನೊಂದು ಕಡೆಯಿಂದ ಮತ್ತೆ ಟಕ್. ಅಲ್ಲೊಂದು ಗೆರೆ. ಎರಡು ಗೆರೆಗಳ ನಡುವೆ ನಾಲ್ಕು ಬೆರಳಷ್ಟು ಜಾಗ.

ಮೇಸ್ತ್ರಿ ಜೇಬಿನಿಂದ ಒಂದು ದಾರ ತೆಗೆದರು. ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಪುಲ್ಲಿ ಅಂಚಿನ ಮೇಲೆ ಹಿಡಿದು ಅಳೆದರು. ಅದನ್ನು ಅರ್ಧಕ್ಕೆ ಮಡಚಿ, ಮೊದಲನೇ ಗೆರೆಯಿಂದ ಇಟ್ಟು, ಮಡಚಿದ ದಾರ ಎಲ್ಲಿ ಮುಗೀತೋ ಅಲ್ಲಿ ಚೂಪಾದ ಮೊಳೆಯಿಂದ ಗೀರಿದರು.

"ಇದು ಟಾಪು."

ಅಷ್ಟೇ! ಬೋಲ್ಟ್ ಪ್ಲಗ್ ತೆಗೆದು ಆ ಗೀರು ತಂತಿಗೆ ನೇರ ಬರೋ ತನಕ ತಿರುಗಿಸಿದರೆ ಪಿಸ್ಟನ್ ಟಾಪ್‌ನಲ್ಲಿ ನಿಂತಿರುತ್ತೆ.

ಇದು ಯಾಕೆ ಸರಿ ಅಂದ್ರೆ, ಪಿಸ್ಟನ್ ಏರುವಾಗ ಬೋಲ್ಟಿಗೆ ತಾಗಿದ ಎತ್ತರವೂ, ಇನ್ನೊಂದು ಕಡೆಯಿಂದ ತಾಗಿದ ಎತ್ತರವೂ ಒಂದೇ. ಎತ್ತರ ಒಂದೇ ಆದರೆ ಎರಡೂ ಟಾಪ್‌ನಿಂದ ಸಮ ದೂರದಲ್ಲಿವೆ. ಹಾಗಿದ್ದ ಮೇಲೆ ಟಾಪ್ ನಡುವೆಯೇ ಇರಬೇಕು. ಇದರಲ್ಲಿ ಇನ್ನೊಂದು ಜಾಣತನ ಇದೆ. ಟಾಪ್‌ನಿಂದ 30 ಡಿಗ್ರಿ ದೂರದಲ್ಲಿ ಪಿಸ್ಟನ್ ಒಂದು ಡಿಗ್ರಿಗೆ ಸುಮಾರು 0.4 ಮಿ.ಮೀ. ಓಡ್ತಿರುತ್ತೆ. ಟಾಪ್ ಪಕ್ಕದ ಒಂದು ಡಿಗ್ರಿಗಿಂತ ಐವತ್ತು ಪಟ್ಟು ಹೆಚ್ಚು. ಆದ್ದರಿಂದ 'ಟಕ್' ಅನ್ನೋದು ಸ್ಪಷ್ಟ, ಅನುಮಾನವೇ ಇಲ್ಲ. ಬೋಲ್ಟ್ ಎಷ್ಟು ಉದ್ದ ಅನ್ನೋದು ಗೊತ್ತಿರಬೇಕಾಗೂ ಇಲ್ಲ. ಉದ್ದ ಇದ್ದರೆ ಗೆರೆಗಳು ದೂರ ದೂರ, ಗಿಡ್ಡ ಇದ್ದರೆ ಹತ್ತಿರ ಹತ್ತಿರ, ನಡುವಿನ ಬಿಂದು ಮಾತ್ರ ಅದೇ. ಪುಲ್ಲಿ 12 ಸೆಂ.ಮೀ. ಅಗಲದ್ದು ಅಂತಿಟ್ಟುಕೊಂಡರೆ ಅದರ ಅಂಚಿನಲ್ಲಿ ಒಂದು ಡಿಗ್ರಿ ಅಂದ್ರೆ ಒಂದು ಮಿ.ಮೀ. ದಾರದಲ್ಲಿ ಅರ್ಧ ಡಿಗ್ರಿಯ ತನಕ ಹಿಡಿಯೋದು ಕಷ್ಟವೇನಲ್ಲ.

ಇಷ್ಟಕ್ಕೆ ಮುಗಿಯಲ್ಲ. ಟಾಪ್ ಒಂದಲ್ಲ, ಎರಡು! ನಾಲ್ಕು ಸ್ಟ್ರೋಕ್ ಇಂಜಿನ್ನಿನಲ್ಲಿ ಒಂದು ಪೂರ್ತಿ ಚಕ್ರ ಅಂದ್ರೆ ಕ್ರ್ಯಾಂಕ್ ಎರಡು ಸುತ್ತು, 720 ಡಿಗ್ರಿ. ಪಿಸ್ಟನ್ ಎರಡು ಸಲ ಮೇಲೆ ಬರುತ್ತೆ. ಒಂದು ಸಲ ಗಾಳಿಯನ್ನು ಒತ್ತಿಕೊಂಡು, ಎರಡೂ ವಾಲ್ವ್ ಮುಚ್ಚಿರುತ್ತೆ. ಇನ್ನೊಂದು ಸಲ ಹೊಗೆ ಹೊರಗೆ ನೂಕಿಕೊಂಡು, ಆಗ ಎಕ್ಸಾಸ್ಟ್ ವಾಲ್ವ್ ಇನ್ನೂ ಮುಚ್ಚಿರಲ್ಲ, ಇನ್‌ಲೆಟ್ ಆಗಲೇ ತೆಗೆಯೋಕೆ ಶುರು. ಪುಲ್ಲಿಯ ಮೇಲಿನ ಗೀರಿಗೆ ಈ ವ್ಯತ್ಯಾಸ ಗೊತ್ತಾಗಲ್ಲ, ಎರಡರಲ್ಲೂ ಒಂದೇ ಜಾಗ. ಎರಡನೇ ಟಾಪ್‌ನಲ್ಲಿ ಗಾಳಿ ಬಿಟ್ಟರೆ ಹೊಚ್ಚ ಹೊಸ ಇಂಜಿನ್ ಕೂಡ ಎರಡೂ ಕಡೆಯಿಂದ ಸುಯ್ ಅಂತ ಸೋರುತ್ತೆ. ನೋಡಿದವರು ವಾಲ್ವ್ ಹೋಗಿದೆ ಅಂತ ಹೆಡ್ ಬಿಚ್ಚಿಬಿಡಬಹುದು. ಚೆನ್ನಾಗಿರೋ ಇಂಜಿನ್ನಿಗೆ ಸುಮ್ಮನೆ ಖರ್ಚು.

ಇದಕ್ಕೆ ಮೇಸ್ತ್ರಿ ಹತ್ರ ಇದ್ದ ಉಪಾಯ ಒಂದು ಕಾಗದದ ಉಂಡೆ. ಪ್ಲಗ್ ತೂತಿಗೆ ಅದನ್ನು ಸಡಿಲವಾಗಿ ತುರುಕಿ ಹುಡುಗನಿಗೆ ತಿರುಗಿಸೋಕೆ ಹೇಳಿದ್ರು. ಗೀರು ಒಂದು ಸಲ ತಂತಿ ದಾಟಿತು, ಉಂಡೆ ಸುಮ್ಮನೆ ಕೂತಿತ್ತು. ಎರಡನೇ ಸಲ ಗೀರು ಹತ್ತಿರ ಬರ್ತಿದ್ದ ಹಾಗೆ 'ಫಟ್' ಅಂತ ಹಾರಿ ಚಿಕ್ಕಪ್ಪನ ಅಂಗಿಗೆ ಬಡೀತು. ಅದೇ ಬೇಕಾದ ಟಾಪ್.

ಒಂದನೇ ಸಿಲಿಂಡರಿಗೆ ಗಾಳಿ ಬಿಟ್ಟರು. ಮೇಸ್ತ್ರಿ ಒಂದು ರಬ್ಬರ್ ಪೈಪಿನ ತುದಿ ಕಿವಿಗೆ ಇಟ್ಟುಕೊಂಡು ಇನ್ನೊಂದು ತುದಿ ಎಲ್ಲ ಕಡೆ ಹಿಡಿದು ಕೇಳಿದ್ರು. ನನಗೂ ಕೊಟ್ಟರು. ಆಯಿಲ್ ಮುಚ್ಚಳದ ಹತ್ರ ಸಣ್ಣ ಉಸಿರು. "ಅಷ್ಟು ಇರ್ಬೇಕು, ಓಡಿದ ಗಾಡಿ" ಅಂದ್ರು. ರಿಂಗಿನ ಸಂದಿಯಲ್ಲಿ ಸ್ವಲ್ಪ ಗಾಳಿ ಯಾವ ಇಂಜಿನ್ನಿನಲ್ಲೂ ಸೋರುತ್ತೆ. ಅದಕ್ಕೇ ಒಂದು ಸಿಲಿಂಡರ್ ಕೇಳಿ ತೀರ್ಮಾನ ಮಾಡಬಾರದು, ಮೂರನ್ನೂ ಹೋಲಿಸಬೇಕಂತೆ. ಈ ಇಂಜಿನ್ ಉರಿಯೋ ಕ್ರಮ 1-3-2, ಒಂದರಿಂದ ಇನ್ನೊಂದಕ್ಕೆ 240 ಡಿಗ್ರಿ. ದಾರವನ್ನು ಪುಲ್ಲಿಗೆ ಒಂದು ಸುತ್ತು ಸುತ್ತಿ, ಮೂರು ಮಡಿಕೆ ಮಾಡಿ, ಇನ್ನೆರಡು ಗೀರು ಹಾಕಿಕೊಂಡರು.

ಮೂರನೇ ಸಿಲಿಂಡರಿಗೆ ಗಾಳಿ ಬಿಟ್ಟಾಗ ಪೈಪು ಬೇಕಾಗಲೇ ಇಲ್ಲ. ಹಿಂದೆ ಸೈಲೆನ್ಸರ್ ಹತ್ರ ನಿಂತಿದ್ದ ಚಿಕ್ಕಪ್ಪನಿಗೇ ಕೇಳಿಸಿತು. ಸುಯ್ಯ್... ಅಂತ ಹಾವಿನ ಥರ. ಆಯಿಲ್ ಮುಚ್ಚಳದ ಹತ್ರ ಮಾತ್ರ ಒಂದನೇದರಷ್ಟೇ ಸಣ್ಣ ಉಸಿರು. ಎರಡನೇ ಸಿಲಿಂಡರೂ ಒಂದನೇದರ ಹಾಗೇ ಸರಿ ಇತ್ತು.

ಅಂದ್ರೆ ಬೋರ್, ರಿಂಗ್, ಪಿಸ್ಟನ್ ಎಲ್ಲ ಚೆನ್ನಾಗಿವೆ. ಹೋಗಿರೋದು ಮೂರನೇದರ ಎಕ್ಸಾಸ್ಟ್ ವಾಲ್ವ್ ಒಂದೇ. ಮೇಸ್ತ್ರಿ ಗ್ಯಾಸ್ ಕಿಟ್ ಕಡೆ ಕೈ ತೋರಿಸಿದ್ರು. ಗ್ಯಾಸಿನಲ್ಲಿ ಓಡೋ ಹಳೇ ಗಾಡಿಗಳಲ್ಲಿ ಎಕ್ಸಾಸ್ಟ್ ವಾಲ್ವ್ ಕೂರೋ ಸೀಟು ಬೇಗ ಸವೆಯುತ್ತೆ. ಸವೆದಷ್ಟೂ ವಾಲ್ವ್ ಮೇಲಕ್ಕೆ ಸರಿದು, ಟ್ಯಾಪೆಟ್‌ನಲ್ಲಿ ಇರಬೇಕಾದ ಸಣ್ಣ ಸಂದಿ ಇಲ್ಲವಾಗುತ್ತೆ. ಸಂದಿ ಇಲ್ಲದಿದ್ದರೆ ವಾಲ್ವ್ ಪೂರ್ತಿ ಮುಚ್ಚಲ್ಲ. ಮುಚ್ಚದ ವಾಲ್ವಿನ ಅಂಚಲ್ಲಿ ಬೆಂಕಿ ನುಗ್ಗಿ ಸುಟ್ಟು ಹೋಗುತ್ತೆ. ಮೊದಲು ಟ್ಯಾಪೆಟ್ ಸಡಿಲ ಮಾಡಿ ಮತ್ತೆ ಗಾಳಿ ಬಿಟ್ಟು ನೋಡಿದ್ರು. ಸದ್ದು ಕಮ್ಮಿ ಆಯ್ತು, ನಿಲ್ಲಲಿಲ್ಲ. ಹೆಡ್ ಬಿಚ್ಚಿ, ಆ ವಾಲ್ವ್ ಹೊಸದು ಹಾಕಿ, ಉಳಿದವನ್ನು ಉಜ್ಜಿ ಕೂರಿಸಿ, ಗ್ಯಾಸ್ಕೆಟ್ ಬದಲಿಸಿ, ಎಲ್ಲ ಸೇರಿ ಆರೂವರೆ ಸಾವಿರ ಆಯ್ತು. ಸಂಘದ ಸಾಲದ ಅರ್ಜಿ ಮೇಜಿನ ಡ್ರಾಯರಿನಲ್ಲೇ ಉಳೀತು. ದಸರಾ ರಜೆ ಮುಗಿದ ಸೋಮವಾರ ಮಕ್ಕಳ ಟ್ರಿಪ್ ಚಿಕ್ಕಪ್ಪನೇ ಹೊಡೆದರು.

ಈಗ ನನ್ನ ಆಫೀಸಿನ ಕಡೆ ಸ್ವಲ್ಪ ಬರ್ತೀನಿ. ಟೆಸ್ಟ್ ಬೆಂಚಿನಲ್ಲಿ ಸಿಲಿಂಡರ್ ಒಳಗೆ ಒತ್ತಡ ಅಳೆಯೋ ಸೆನ್ಸರ್ ಇರುತ್ತೆ, ಕ್ರ್ಯಾಂಕಿಗೆ ಡಿಗ್ರಿ ಅಳೆಯೋ ಎನ್‌ಕೋಡರ್ ಇರುತ್ತೆ. ಎರಡನ್ನೂ ಸೇರಿಸಿ ಪ್ರತಿ ಉರಿತದಲ್ಲೂ ಇಂಜಿನ್ ಎಷ್ಟು ಕೆಲಸ ಮಾಡಿತು ಅಂತ ಲೆಕ್ಕ ಹಾಕೋದು. ಇದರಲ್ಲಿ ಟಾಪ್ ಒಂದೇ ಒಂದು ಡಿಗ್ರಿ ತಪ್ಪಿದರೆ ಲೆಕ್ಕಕ್ಕೆ ಸಿಗೋ ಕೆಲಸದಲ್ಲಿ ಶೇಕಡ ಹತ್ತರ ತನಕ ತಪ್ಪು ಬರಬಹುದು. ಹಾಗಾಗಿ 0.1 ಡಿಗ್ರಿಯಷ್ಟು ನಿಖರವಾಗಿ ಟಾಪ್ ಬೇಕು ಅಂತಾರೆ.

ಒತ್ತಡದ ಗೆರೆ ನೋಡಿದರೇ ಗೊತ್ತಾಗಲ್ವಾ ಅಂತ ಹೊಸಬರು ಕೇಳೋದುಂಟು. ಬೆಂಕಿ ಹಚ್ಚದೇ ಮೋಟಾರಿನಿಂದ ಇಂಜಿನ್ ತಿರುಗಿಸಿದರೆ, ಗಾಳಿ ಅತಿ ಹೆಚ್ಚು ಒತ್ತಿಕೊಳ್ಳೋದು ಟಾಪ್‌ನಲ್ಲೇ ತಾನೇ? ಅಲ್ಲ! ಗಾಳಿಯ ಬಿಸಿ ಸ್ವಲ್ಪ ಗೋಡೆಗೆ ಹೋಗುತ್ತೆ, ಸ್ವಲ್ಪ ಗಾಳಿ ರಿಂಗಿನ ಸಂದಿಯಲ್ಲಿ ಸೋರುತ್ತೆ. ಆದ್ದರಿಂದ ಪಿಸ್ಟನ್ ಇನ್ನೂ ಏರ್ತಿರುವಾಗಲೇ ಒತ್ತಡ ಇಳಿಯೋಕೆ ಶುರುವಾಗಿರುತ್ತೆ. ಒತ್ತಡದ ಶಿಖರ ಟಾಪ್‌ಗಿಂತ ಅರ್ಧದಿಂದ ಒಂದು ಡಿಗ್ರಿಯಷ್ಟು ಮುಂಚೆಯೇ ಬಂದುಬಿಡುತ್ತೆ. ಆ ಶಿಖರವನ್ನೇ ಟಾಪ್ ಅಂದುಕೊಂಡರೆ ಆಗಲೇ ಹೇಳಿದ ಶೇಕಡ ಹತ್ತರ ಹತ್ತಿರದ ತಪ್ಪು ಒಳಗೆ ಬಂತು.

ಹಾಗಾಗಿ ಪ್ಲಗ್ ತೂತಿನಲ್ಲಿ ಪಿಸ್ಟನ್ ಎಷ್ಟು ದೂರ ಇದೆ ಅಂತ ವಿದ್ಯುತ್ತಿನಿಂದಲೇ ಅಳೆಯೋ ಒಂದು ಸೆನ್ಸರ್ ಹಾಕ್ತಾರೆ. ಅದು ಗುಡ್ಡದ ಆಕಾರದ ಒಂದು ಗೆರೆ ಕೊಡುತ್ತೆ. ನೆತ್ತಿ ಮತ್ತೆ ಚಪ್ಪಟೆ. ಸಾಫ್ಟ್‌ವೇರ್ ನೆತ್ತಿಯನ್ನು ನೋಡೋದೇ ಇಲ್ಲ. ಗುಡ್ಡವನ್ನು ಬೇರೆ ಬೇರೆ ಎತ್ತರದಲ್ಲಿ ಅಡ್ಡ ಕತ್ತರಿಸಿ, ಪ್ರತಿ ಎತ್ತರದಲ್ಲೂ ಎಡಬಲದ ಎರಡು ಬಿಂದುಗಳ ನಡುವನ್ನು ತೆಗೆಯುತ್ತೆ. ಪಿಸ್ಟನ್ ಪಿನ್ ಒಂಚೂರು ಪಕ್ಕಕ್ಕೆ ಇರೋ ಇಂಜಿನ್‌ಗಳಲ್ಲಿ ಈ ನಡುಬಿಂದುಗಳ ಸಾಲು ತುಸು ವಾಲಿರುತ್ತೆ, ಆ ಸಾಲನ್ನು ನೆತ್ತಿಯ ತನಕ ಎಳೆದರೆ ಅದೇ ಟಾಪ್. ಈ ಭಾಗದ ಕೋಡ್ ನಾನೇ ಎಷ್ಟೋ ಸಲ ತಿದ್ದಿದೀನಿ. ಶಿಕಾರಿಪುರದಲ್ಲಿ ಮೇಸ್ತ್ರಿ ದಾರ ಮಡಚಿದಾಗ, ಇದು ನಮ್ಮ ಪ್ರೋಗ್ರಾಮೇ ಅಲ್ವಾ ಅನ್ನಿಸಿ ಒಂದು ಕ್ಷಣ ಸುಮ್ಮನೆ ನಿಂತುಬಿಟ್ಟೆ.

ಈ ಉಪಾಯ ಇಂಜಿನ್ನಿಗಿಂತ ಬಹಳ ಹಳೆಯದು. ಶಿರಾಳಕೊಪ್ಪದ ಹತ್ತಿರವೇ ಬಳ್ಳಿಗಾವಿ ಇದೆ, ಕೇದಾರೇಶ್ವರ ದೇವಸ್ಥಾನ ಇರೋ ಊರು. ಇಂಥ ದೇವಸ್ಥಾನ ಕಟ್ಟೋಕೆ ಮುಂಚೆ ಪೂರ್ವ ಪಶ್ಚಿಮ ಗೊತ್ತು ಮಾಡ್ಕೋಬೇಕಲ್ಲ, ದಿಕ್ಸೂಚಿ ಇಲ್ಲದೇ ಹೇಗೆ? ಸೂರ್ಯಸಿದ್ಧಾಂತದಲ್ಲೂ, ಮಯಮತದಂಥ ಶಿಲ್ಪಶಾಸ್ತ್ರದ ಗ್ರಂಥಗಳಲ್ಲೂ ವಿಧಾನ ಇದೆ. ಸಮತಟ್ಟಾದ ನೆಲದಲ್ಲಿ ಹನ್ನೆರಡು ಅಂಗುಲದ ಒಂದು ಗೂಟ ನೆಡೋದು, ಅದಕ್ಕೆ ಶಂಕು ಅಂತ ಹೆಸರು. ಸುತ್ತ ಒಂದು ವೃತ್ತ. ಬೆಳಿಗ್ಗೆ ನೆರಳು ಕುಗ್ಗುತ್ತಾ ಬಂದು ಅದರ ತುದಿ ವೃತ್ತ ಮುಟ್ಟಿದಲ್ಲಿ ಒಂದು ಗುರುತು. ಮಧ್ಯಾಹ್ನದ ಮೇಲೆ ಬೆಳೆಯುತ್ತಾ ಹೋಗಿ ಮತ್ತೆ ವೃತ್ತ ಮುಟ್ಟಿದಲ್ಲಿ ಇನ್ನೊಂದು. ಎರಡನ್ನೂ ಸೇರಿಸಿದರೆ ಪೂರ್ವ ಪಶ್ಚಿಮ. ನಡುವನ್ನು ಹಿಡಿದರೆ ಉತ್ತರ ದಕ್ಷಿಣ.

ಮಧ್ಯಾಹ್ನ ಎಲ್ಲಕ್ಕಿಂತ ಗಿಡ್ಡ ನೆರಳು ನೋಡಿ ಗುರುತು ಹಾಕಬಹುದಿತ್ತಲ್ಲ? ಆಗಲ್ಲ, ಆ ಹೊತ್ತಲ್ಲಿ ನೆರಳಿನ ಉದ್ದ ಬದಲಾಗೋದೇ ಕಾಣಲ್ಲ. ಪಿಸ್ಟನ್ನಿನದೇ ಸಮಸ್ಯೆ! ಬೆಳಿಗ್ಗೆ ಸಂಜೆ ನೆರಳು ಚುರುಕಾಗಿ ಓಡುತ್ತೆ, ಆಗ ಗುರುತು ಖಚಿತ. ಇಲ್ಲೂ ಸ್ವಲ್ಪ ವಾಲು ಇದೆ. ಬೆಳಿಗ್ಗೆಯಿಂದ ಸಂಜೆಗೆ ಸೂರ್ಯನೇ ಒಂಚೂರು ಉತ್ತರಕ್ಕೋ ದಕ್ಷಿಣಕ್ಕೋ ಸರಿದಿರುತ್ತಾನೆ. 1150ರ ಸಿದ್ಧಾಂತ ಶಿರೋಮಣಿಯಲ್ಲಿ ಭಾಸ್ಕರಾಚಾರ್ಯರು ಅದಕ್ಕೂ ತಿದ್ದುಪಡಿ ಕೊಟ್ಟಿದಾರೆ.

ಮನೆ ಅಂಗಳದಲ್ಲಿ ಮಕ್ಕಳ ಜೊತೆ ಮಾಡಿ ನೋಡೋದಿದ್ದರೆ ಡಿಸೆಂಬರ್ ಒಳ್ಳೆಯದು. ನೆರಳು ಉದ್ದ ಇರುತ್ತೆ, ಸೂರ್ಯ ಆಚೀಚೆ ಸರಿಯೋದೂ ಕಡಿಮೆ. ಏಪ್ರಿಲ್ ಕೊನೆಗೂ ಆಗಸ್ಟ್ ಮಧ್ಯಕ್ಕೂ ನಮ್ಮ ಕಡೆ ಸೂರ್ಯ ನೆತ್ತಿಯ ಮೇಲೇ ಹಾಯೋದರಿಂದ ನಡು ಮಧ್ಯಾಹ್ನ ನೆರಳೇ ಸಿಗಲ್ಲ. ಜೊತೆಗೆ ಗಡಿಯಾರ ಇಟ್ಟುಕೊಂಡು ಎರಡು ಗುರುತಿನ ಹೊತ್ತನ್ನೂ ಬರೆದು ನಡು ತೆಗೆದರೆ ಸೊರಬ, ಶಿಕಾರಿಪುರದಲ್ಲಿ ನಿಜವಾದ ಮಧ್ಯಾಹ್ನ ಹನ್ನೆರಡಕ್ಕಲ್ಲ, ಸರಾಸರಿ ಹನ್ನೆರಡೂವರೆ ಹತ್ತಿರ ಅಂತ ಗೊತ್ತಾಗುತ್ತೆ. ನವೆಂಬರ್ ಮೊದಲಲ್ಲಿ ಹನ್ನೆರಡೂಕಾಲಿನ ಸುಮಾರು, ಫೆಬ್ರವರಿ ನಡುವಿಗೆ ಹನ್ನೆರಡೂಮುಕ್ಕಾಲಿನ ಸುಮಾರು.

ಕೊನೆಗೆ ಹಳೇ ಗಾಡಿ ಇಟ್ಟುಕೊಂಡವರಿಗೆ ಒಂದು ಮಾತು. ಇಂಜಿನ್ ಮುಗೀತು, ಬೋರ್ ಮಾಡಿಸ್ಬೇಕು ಅಂತ ಯಾರಾದ್ರೂ ಅಂದ್ರೆ ಕೂಡಲೇ ಹೂಂ ಅನ್ಬೇಡಿ. ಬಿಚ್ಚೋ ಮುಂಚೆ ಗಾಳಿ ಬಿಟ್ಟು ನೋಡಿ ಅನ್ನಿ. ಎಲ್ಲ ಸಿಲಿಂಡರಿಗೂ ಬಿಡಲಿ, ಪಕ್ಕದಲ್ಲೇ ನಿಂತು ನಿಮ್ಮ ಕಿವಿಯಿಂದಲೂ ಕೇಳಿ. ಪುಲ್ಲಿ ಮೇಲೆ ಕಂಪನಿಯವರು ಹಾಕಿರೋ ಗುರುತನ್ನೂ ಪೂರ್ತಿ ನಂಬಬೇಡಿ. ಕೆಲವು ಇಂಜಿನ್‌ಗಳಲ್ಲಿ ಪುಲ್ಲಿ ಎರಡು ತುಂಡು, ನಡುವೆ ರಬ್ಬರ್ ಇರುತ್ತೆ, ಹಳತಾದ ಮೇಲೆ ಜಾರುತ್ತೆ. ಗಾಳಿ ಬಿಡುವಾಗ ಕ್ರ್ಯಾಂಕಿನಲ್ಲಿ ಪಾನ ಬಿಟ್ಟಿರಬಾರದು, ಬೆಲ್ಟಿನ ಹತ್ರ ಯಾರ ಕೈಯೂ ಇರಬಾರದು. ಟಾಪ್ ಹೇಗೆ ಹಿಡಿದಿರಿ, ಯಾವ ಟಾಪ್ ಹಿಡಿದಿರಿ ಅಂತ ಒಂದು ಸಲ ಕೇಳಿ. ಕೆಲಸ ಗೊತ್ತಿರೋ ಮೇಸ್ತ್ರಿ ಬೇಜಾರು ಮಾಡ್ಕೊಳ್ಳಲ್ಲ, ದಾರ ತೆಗೆದು ತೋರಿಸ್ತಾರೆ.